ಸೋಂಪುರದ ಸೀಮೆಯಲ್ಲಿ ಒಂದು ಸಂಕ್ರಾಂತಿ

ಬೆಂಗಳೂರಿನಿಂದ ತುಮಕೂರಿನ ಹೆದ್ದಾರಿ ಹಿಡಿದು ಹೊರಟವರಿಗೆ ನೆಲಮಂಗಲ ದಾಟಿದ ಮೇಲೆ ಎಡಗಡೆಯ ದಿಗಂತದಲ್ಲಿ ಒಂದು ಬೆಟ್ಟ ಕಾಣಿಸಿಕೊಳ್ಳುತ್ತದೆ. ಒಂದು ದಿಕ್ಕಿನಿಂದ ನೋಡಿದರೆ ನಂದಿಯಂತೆ, ಮತ್ತೊಂದು ದಿಕ್ಕಿನಿಂದ ಲಿಂಗದಂತೆ, ಇನ್ನೊಂದೆಡೆಯಿಂದ ಗಣಪನಂತೆ, ಮಗದೊಂದೆಡೆಯಿಂದ ಹೆಡೆಯೆತ್ತಿದ ಸರ್ಪದಂತೆ ತೋರುವುದೆಂದು ಆ ಸೀಮೆಯ ಜನ ಹೇಳುವ ಶಿವಗಂಗೆ ಅದೇ. ಸಮುದ್ರಮಟ್ಟದಿಂದ ಸುಮಾರು ನಾಲ್ಕೂವರೆ ಸಾವಿರ ಅಡಿ ಎತ್ತರದ ಈ ಬೆಟ್ಟ ಇರುವುದು ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯಲ್ಲಿ. ಬೆಟ್ಟದ ಹೆಸರು ನಾಡಿಗೆಲ್ಲ ಗೊತ್ತು; ಹೋಬಳಿಯ ಹೆಸರು ಮಾತ್ರ ಪಹಣಿಯ ಕಾಗದಗಳಲ್ಲಿಯೂ, ಈಚಿನ ವರ್ಷಗಳಲ್ಲಿ ಕೈಗಾರಿಕಾ ಪ್ರದೇಶದ ಫಲಕಗಳಲ್ಲಿಯೂ ಉಳಿದಿದೆ. ಆ ಸೋಂಪುರದ ಸೀಮೆಯ ಒಂದು ಸಣ್ಣ ಹಳ್ಳಿಯಲ್ಲಿ ಈ ಬಾರಿಯ ಸಂಕ್ರಾಂತಿಯನ್ನು ಕಳೆಯುವ ಭಾಗ್ಯ ನಮ್ಮದಾಯಿತು.

ಅಲ್ಲಿ ನಮ್ಮ ದೊಡ್ಡಮ್ಮನವರ ಮನೆ ಇದೆ. ದೊಡ್ಡಪ್ಪನವರು ಲಿಂಗೈಕ್ಯರಾಗಿ ಹಲವು ವರ್ಷಗಳಾದವು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾರೆ. ಎಂಬತ್ತು ದಾಟಿದ ಆ ಹಿರಿಯ ಜೀವ ಒಂದು ಹಸು, ಹಿತ್ತಿಲಿನ ನಾಲ್ಕು ತೆಂಗಿನ ಮರ ಮತ್ತು ಒಂದು ಟಿ.ವಿ. ಪೆಟ್ಟಿಗೆಯೊಡನೆ ಅದೇ ಹಳೆಯ ಹೆಂಚಿನ ಮನೆಯಲ್ಲಿ ವಾಸವಾಗಿದ್ದಾರೆ. "ಪಟ್ಟಣಕ್ಕೆ ಬನ್ನಿ" ಎಂದು ಕರೆದರೆ, "ಹಸುವನ್ನು ಎಲ್ಲಿ ಕಟ್ಟಲಿ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡಬಲ್ಲವರು ನಮ್ಮಲ್ಲಿ ಇನ್ನೂ ಯಾರೂ ಹುಟ್ಟಿಲ್ಲ.

ಸುಗ್ಗಿಯ ದಾರಿ

ಸಂಕ್ರಾಂತಿಯ ಹಿಂದಿನ ದಿನ ಮಧ್ಯಾಹ್ನ ನಾವು ಸಂಸಾರ ಸಮೇತರಾಗಿ ದಾಬಸ್‌ಪೇಟೆಯಲ್ಲಿ ಬಸ್ಸಿನಿಂದ ಇಳಿದೆವು. ಆಂಗ್ಲರ ಕಾಲದ ಡಾಬ್ಸ್ ಎಂಬ ಅಧಿಕಾರಿಯ ಹೆಸರನ್ನು ಇಂದಿಗೂ ಹೊತ್ತಿರುವ ಊರು ಅದು. ನಮ್ಮ ಬಾಲ್ಯದಲ್ಲಿ ನಾಲ್ಕು ಹೋಟೆಲು, ಎರಡು ಜವಳಿ ಅಂಗಡಿ, ಒಂದು ಸಂತೆಮಾಳವಾಗಿ ನೆನಪಿನಲ್ಲಿ ಉಳಿದಿದ್ದ ಊರು ಇಂದು ಗುರುತು ಸಿಗದಷ್ಟು ಬೆಳೆದಿದೆ. ದೊಡ್ಡಬಳ್ಳಾಪುರದ ಕಡೆಗೆ ಹೋಗುವ ಹೊಸ ಹೆದ್ದಾರಿ, ಸಾಲುಗಟ್ಟಿ ನಿಂತ ಭಾರಿ ಲಾರಿಗಳು, ಸರಕು ಮಳಿಗೆಗಳ ತಗಡಿನ ಮಾಡುಗಳು, ಪಾಳಿ ಬದಲಾಗುವ ಹೊತ್ತಿಗೆ ಬಸ್ಸಿಗಾಗಿ ಕಾಯುವ ಯುವಕ ಯುವತಿಯರು: ಒಂದು ಕಾಲದಲ್ಲಿ ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳ ಮೇಲೆ ಬೇರೊಂದು ಸುಗ್ಗಿ ಎದ್ದು ನಿಂತಿದೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಒಂದು ಮಾತಿನಲ್ಲಿ ತೀರ್ಪು ಕೊಡುವುದು ಕಷ್ಟ. ಹೊಲ ಕಳೆದುಕೊಂಡವರ ಮನೆಯಲ್ಲಿಯೇ ಕೆಲಸ ಪಡೆದ ಮಗನೂ ಇದ್ದಾನೆ.

ಹೆದ್ದಾರಿಯನ್ನು ಬಿಟ್ಟು ಒಳದಾರಿಗೆ ಹೊರಳಿದೊಡನೆ ಹಳೆಯ ಸೋಂಪುರ ಸೀಮೆ ನಮ್ಮನ್ನು ಎದುರುಗೊಂಡಿತು. ಡಾಂಬರು ರಸ್ತೆಯ ಮೇಲೆಯೇ ಹುರುಳಿಯ ಕಟಾವನ್ನು ಹರಡಿದ್ದರು. ಹೋಗಿಬರುವ ವಾಹನಗಳ ಚಕ್ರಗಳೇ ಅಲ್ಲಿ ರೋಣುಗಲ್ಲು. ಇದರಿಂದ ದ್ವಿಚಕ್ರ ವಾಹನದವರಿಗೆ ಅಪಾಯವೆಂಬುದು ನಿಜ. ಆದರೆ ಕಣ ಮಾಡುವುದಕ್ಕೆ ಜಾಗವೂ, ರೋಣುಗಲ್ಲು ಎಳೆಯುವುದಕ್ಕೆ ಎತ್ತುಗಳೂ ಇಲ್ಲವಾದಾಗ ರೈತ ಏನು ಮಾಡಬೇಕು? ರಸ್ತೆಯ ಎರಡೂ ಬದಿಯಲ್ಲಿ ರಾಗಿಯ ಮೆದೆಗಳು, ಹುಲ್ಲಿನ ಬಣವೆಗಳು ಇದ್ದವು. ಅವರೆಯ ಹೂವಿನ ಸೊಗಡು ಗಾಳಿಯಲ್ಲಿ ತೇಲಿಬರುತ್ತಿತ್ತು. ಈ ಸೊಗಡನ್ನು ಮಾತಿನಲ್ಲಿ ವಿವರಿಸಲಾಗದು. ಪುಷ್ಯದ ಇಬ್ಬನಿ ಬಿದ್ದ ಅವರೆಯನ್ನು ಬಿಡಿಸಿದ ಕೈಯನ್ನು ಮೂಸಿ ನೋಡಿದವರಿಗೇ ಅದು ಗೊತ್ತು.

ಈ ನೆಲದ ನೀರಿನ ಕಥೆಯನ್ನೂ ಇಲ್ಲಿ ಹೇಳಬೇಕು. ಶಿವಗಂಗೆಯ ಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ಕುಮುದ್ವತಿ ಎಂಬ ನದಿ ನೆಲಮಂಗಲದ ಸೀಮೆಯನ್ನು ಹಾದು ತಿಪ್ಪಗೊಂಡನಹಳ್ಳಿಯ ಜಲಾಶಯದಲ್ಲಿ ಅರ್ಕಾವತಿಯನ್ನು ಕೂಡಿಕೊಳ್ಳುತ್ತದೆ. 1930ರ ದಶಕದಲ್ಲಿ ಆ ಜಲಾಶಯ ಕಟ್ಟಿದಂದಿನಿಂದ ಬೆಂಗಳೂರಿನ ಎಷ್ಟೋ ಮನೆಗಳು ಕುಡಿದದ್ದು ಈ ನೆಲದ ನೀರನ್ನೇ. ಇಂದು ಕುಮುದ್ವತಿಯ ಪಾತ್ರದಲ್ಲಿ ಮಳೆಗಾಲ ಕಳೆದರೆ ಹುಲ್ಲು ಒಣಗಿ ನಿಂತಿರುತ್ತದೆ. ನಗರಕ್ಕೆ ನೀರು ಕೊಟ್ಟ ಸೀಮೆಯ ಜನ ಸಾವಿರ ಅಡಿಯ ಕೊಳವೆ ಬಾವಿಯತ್ತ ಬಗ್ಗಿ ನೋಡುತ್ತಿದ್ದಾರೆ.

ಸಂಜೆಯ ಕ್ರಮ

ನಾವು ಮನೆ ತಲುಪಿದಾಗ ದೊಡ್ಡಮ್ಮನವರು ಜಗಲಿಯ ಮೇಲೆ ಕುಳಿತು ಅವರೆಕಾಳನ್ನು ಹಿತುಕುತ್ತಿದ್ದರು. ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿದರೆ ಬೇಳೆ ಪುಟಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ. ನಮ್ಮ ಮಕ್ಕಳಿಗೆ ಅದೇ ಒಂದು ಆಟವಾಯಿತು. ಅರ್ಧ ಬೇಳೆ ಪಾತ್ರೆಗೆ, ಅರ್ಧ ಅಂಗಳಕ್ಕೆ. "ಬೀಳಲಿ ಬಿಡು, ಇರುವೆಗೂ ಹಬ್ಬವಲ್ಲವೇ" ಎಂದು ದೊಡ್ಡಮ್ಮ ನಕ್ಕರು.

ಹಳ್ಳಿಯ ಸಂಜೆಗೆ ತನ್ನದೇ ಆದ ಒಂದು ಕ್ರಮವಿದೆ. ಮೊದಲು ಹಸುವಿನ ಕೆಲಸ. ಕರುವನ್ನು ಬಿಟ್ಟು, ಕೆಚ್ಚಲು ತೊಳೆದು, ಹಾಲು ಕರೆದು, ಮನೆಗೆ ಬೇಕಾದಷ್ಟನ್ನು ತೆಗೆದಿರಿಸಿಕೊಂಡು ಉಳಿದದ್ದನ್ನು ಡೈರಿಗೆ ಒಯ್ಯಬೇಕು. ಹಾಲು ಉತ್ಪಾದಕರ ಸಹಕಾರ ಸಂಘದ ಮುಂದೆ ಸ್ಟೀಲಿನ ಕ್ಯಾನುಗಳನ್ನು ಹಿಡಿದ ಹೆಂಗಸರು, ಗಂಡಸರು, ಶಾಲೆಯ ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಅಲ್ಲಿ ಹಾಲಿನ ಅಳತೆಯಾಗುತ್ತದೆ, ಜಿಡ್ಡಿನ ಪರೀಕ್ಷೆಯಾಗುತ್ತದೆ. ಜೊತೆಗೆ ಊರಿನ ಸುದ್ದಿಯೆಲ್ಲ ವಿನಿಮಯವಾಗುತ್ತದೆ. ಬಟವಾಡೆಯ ದಿನ ಕೈಗೆ ಬರುವ ಹಣ ದೊಡ್ಡದಲ್ಲದಿರಬಹುದು. ಆದರೆ ಅದು ಹೆಣ್ಣುಮಕ್ಕಳ ಕೈಗೆ ನೇರವಾಗಿ ಬರುವ ಹಣ. ಒಂದೇ ಸಾಲಿನಲ್ಲಿ ಎಲ್ಲ ಕೇರಿಯವರ ಹಾಲೂ ಬಂದು ಒಂದೇ ಕ್ಯಾನಿನಲ್ಲಿ ಬೆರೆಯುವ ಆ ಜಾಗವನ್ನು ನೋಡುವಾಗಲೆಲ್ಲ ಕಲ್ಯಾಣದ ಶರಣರು ಇದನ್ನು ಕಂಡಿದ್ದರೆ ಮೆಚ್ಚುತ್ತಿದ್ದರೆಂದು ನಮಗೆ ಅನ್ನಿಸುತ್ತದೆ.

ಡೈರಿಯಿಂದ ಬಂದ ಮೇಲೆ ಕೈಕಾಲು ತೊಳೆದು ದೀಪ ಹಚ್ಚುವುದು. ದೊಡ್ಡಮ್ಮನವರು ಹಣೆಗೆ ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿ ಇರಿಸಿಕೊಂಡು ಕುಳಿತರೆಂದರೆ ಮನೆಯಲ್ಲಿ ಮಾತಿಲ್ಲ. ಆ ಅರ್ಧ ಗಂಟೆ ಟಿ.ವಿ. ಇಲ್ಲ, ಮೊಬೈಲಿನ ಗಂಟೆಯೂ ಇಲ್ಲ. ನಮ್ಮ ಮಕ್ಕಳು ಮೊದಲು ಚಡಪಡಿಸಿದರು. ಆಮೇಲೆ ತಾವಾಗಿಯೇ ಮೊಬೈಲನ್ನು ಗೂಡಿನಲ್ಲಿಟ್ಟು ಸುಮ್ಮನೆ ಕುಳಿತರು. ಹೊರಗೆ ಹಸು ಮೆಲುಕು ಹಾಕುವ ಸದ್ದು ಕೂಡ ಕೇಳುವಷ್ಟು ನಿಶ್ಶಬ್ದ ಅಲ್ಲಿ ನೆಲೆಸಿತು.

ಪೂಜೆ ಮುಗಿದ ಮೇಲೆ ಊಟ. ಬಿಸಿ ರಾಗಿಮುದ್ದೆ, ಹಿತುಕಿದ ಬೇಳೆಯ ಸಾರು, ಮೇಲೆ ಒಂದು ಚಮಚ ತುಪ್ಪ. ರಾಗಿಯನ್ನು ಬಡವರ ಧಾನ್ಯವೆಂದು ಹೀಗಳೆಯುತ್ತಿದ್ದ ಕಾಲವೊಂದಿತ್ತು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಪಟ್ಟಣದ ದೊಡ್ಡ ಅಂಗಡಿಗಳಲ್ಲಿ ಅದಕ್ಕೆ ಬಣ್ಣದ ಪೊಟ್ಟಣ ಬಂದಿದೆ. ದೊಡ್ಡಮ್ಮನವರಿಗೆ ಈ ಸಂಗತಿ ಹೇಳಿದಾಗ, "ನಮ್ಮ ಮನೆಯಲ್ಲಿ ಯಾವ ವರ್ಷ ಅದರ ವರ್ಷವಾಗಿರಲಿಲ್ಲ?" ಎಂದು ಕೇಳಿದರು.

ಊಟವಾದ ಮೇಲೆ ಟಿ.ವಿ. ಅದೂ ಒಂದು ಮಿತಿಯಲ್ಲಿ. ದೊಡ್ಡಮ್ಮನವರಿಗೆ ದಿನಕ್ಕೆ ಎರಡೇ ಕಾರ್ಯಕ್ರಮ. ಒಂದು ಧಾರಾವಾಹಿ, ಆಮೇಲೆ ಚಂದನ ವಾಹಿನಿಯಲ್ಲಿ ಏನಾದರೊಂದು. 2002ರಲ್ಲಿ ಆರಂಭವಾಗಿ ಸಾವಿರಾರು ಕಂತುಗಳನ್ನು ಕಂಡ ಡಾ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' ಎಂದರೆ ಅವರಿಗೆ ಪಂಚಪ್ರಾಣ. ಸರಿಯುತ್ತರ ಹೇಳಿದವರಿಗೆ ಹಣವನ್ನಾಗಲಿ ಒಡವೆಯನ್ನಾಗಲಿ ಕೊಡದೆ ಕನ್ನಡದ ಪುಸ್ತಕ ಕೊಡುತ್ತಾರೆಂಬುದೇ ಅವರ ಮೆಚ್ಚುಗೆಗೆ ಕಾರಣ. ಶಾಲೆಯ ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ಅವರು ಗಾದೆ, ಒಗಟು, ಪುರಾಣದ ಪ್ರಶ್ನೆಗಳಿಗೆ ಸ್ಪರ್ಧಿಗಳಿಗಿಂತ ಮೊದಲು ಉತ್ತರ ಹೇಳಿ ನಮ್ಮ ಕಡೆ ತಿರುಗಿ ನೋಡುತ್ತಿದ್ದರು. ಆ ನೋಟದಲ್ಲಿದ್ದ ಸಂತೋಷವನ್ನು ಕಂಡ ಮೇಲೆ ಟಿ.ವಿ.ಯನ್ನು ಬೈಯುವ ನಮ್ಮ ಅಭ್ಯಾಸ ಸ್ವಲ್ಪ ಸಡಿಲವಾಯಿತು.

ಪೆಟ್ಟಿಗೆ ಬಂದ ಕಾಲ

ಆ ರಾತ್ರಿ ಮಾತು ಸಹಜವಾಗಿಯೇ ಹಳೆಯ ಟಿ.ವಿ.ಯ ಕಡೆಗೆ ತಿರುಗಿತು. ಕರ್ನಾಟಕದ ಹಳ್ಳಿಗಳು ದೂರದರ್ಶನವನ್ನು ಮೊದಲು ಕಂಡದ್ದು 1975-76ರಲ್ಲಿ. ಉಪಗ್ರಹದ ಮೂಲಕ ಹಳ್ಳಿಗಳಿಗೆ ಶಿಕ್ಷಣ ಮುಟ್ಟಿಸುವ ಪ್ರಯೋಗಕ್ಕೆ ಆಯ್ಕೆಯಾದ ಆರು ರಾಜ್ಯಗಳಲ್ಲಿ ನಮ್ಮದೂ ಒಂದು. ಆಗ ಉತ್ತರ ಕರ್ನಾಟಕದ ಹಳ್ಳಿಗರು ಶಾಲೆಯ ಅಂಗಳದಲ್ಲಿ ಕುಳಿತು ಬೇಸಾಯದ, ಆರೋಗ್ಯದ ಪಾಠಗಳನ್ನು ನೋಡಿದರು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದುದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಅಲ್ಲಿಂದ ಸುಮಾರು ಐವತ್ತು ಕಿಲೋಮೀಟರಿನಾಚೆಯ ಸೋಂಪುರದ ಸೀಮೆಗೆ ಚಿತ್ರ ಬರಬೇಕಾದರೆ ಎತ್ತರದ ಕಂಬ ನೆಟ್ಟು ಆಂಟೆನಾ ಕಟ್ಟಬೇಕಾಗಿತ್ತು.

ದೊಡ್ಡಪ್ಪನವರು ಕಪ್ಪು ಬಿಳುಪಿನ ಟಿ.ವಿ. ಕೊಂಡದ್ದು 1987ರಲ್ಲಿ. ಊರಿಗೆ ಅದೇ ಮೊದಲನೆಯದು. ಬೇಸಾಯದ ಕಾರ್ಯಕ್ರಮ ನೋಡುವುದಕ್ಕೆಂದೇ ತಂದೆವೆಂದು ಅವರು ಹೇಳಿಕೊಳ್ಳುತ್ತಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ. ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿಯ ಬಗ್ಗೆ ಅವರಿಗೆ ಅಪಾರ ಗೌರವವಿತ್ತು. ಬೇಸಾಯದ ಹೊಸ ಮಾತು ಎಲ್ಲಿ ಕೇಳಿದರೂ ಕಿವಿಗೊಡುತ್ತಿದ್ದರು. ಆದರೆ ಊರಿನ ಜನ ಕಾಯುತ್ತಿದ್ದುದು ಭಾನುವಾರದ ಬೆಳಗ್ಗೆಗಾಗಿ. 1987ರ ಜನವರಿ 25ರಂದು ಆರಂಭವಾದ ರಮಾನಂದ ಸಾಗರರ 'ರಾಮಾಯಣ' ಮರುವರ್ಷದ ಜುಲೈ ಕೊನೆಯವರೆಗೂ ನಡೆಯಿತು. ಬೆಳಗ್ಗೆ ಒಂಬತ್ತೂವರೆ ಆಗುವಷ್ಟರಲ್ಲಿ ಹಟ್ಟಿ ಗುಡಿಸಿ, ದನ ಕಟ್ಟಿ, ಮಿಂದು ಮಡಿಯಾಗಿ ಜನ ಬಂದು ಸೇರುತ್ತಿದ್ದರು. ಕೆಲವರು ಪೆಟ್ಟಿಗೆಗೆ ಊದುಬತ್ತಿ ಬೆಳಗಿದ್ದೂ ಉಂಟು.

ಆಗ ನಮ್ಮದು ಕಾಲೇಜಿನ ವಯಸ್ಸು. ರಜೆ ಬಂದರೆ ನಾವು ಅಣ್ಣತಮ್ಮಂದಿರು ಅಲ್ಲಿಯೇ ಬೀಡು ಬಿಡುತ್ತಿದ್ದೆವು. ಆಂಟೆನಾ ತಿರುಗಿಸುವ ಅಧಿಕಾರ ನಮ್ಮದು. ಒಬ್ಬರು ಮಾಡಿನ ಮೇಲೆ, ಒಬ್ಬರು ಅಂಗಳದಲ್ಲಿ, ಒಬ್ಬರು ಒಳಗೆ. "ಬಂತಾ?" "ಇನ್ನೂ ಸ್ವಲ್ಪ ಆ ಕಡೆ!" "ಈಗ?" "ಹೋಯಿತು!" ಎಂಬ ಈ ಸಂಭಾಷಣೆಯನ್ನು ಆ ಕಾಲದವರಾರೂ ಮರೆತಿರಲಾರರು. ಮಾತೆಲ್ಲ ಹಿಂದಿ. ಊರಿನಲ್ಲಿ ಹಿಂದಿ ಬಲ್ಲವರು ಇಬ್ಬರೋ ಮೂವರೋ. ಆದರೂ ಕಥೆ ಯಾರಿಗೂ ತೊಡಕಾಗಲಿಲ್ಲ. ತೊರವೆ ರಾಮಾಯಣವನ್ನು ವಾಚನದಲ್ಲಿ ಕೇಳಿದ್ದ ಹಿರಿಯರೊಬ್ಬರು ಮುಂದಿನ ಸಾಲಿನಲ್ಲಿ ಕುಳಿತು, ಪಾತ್ರಗಳು ಬಾಯಿ ತೆರೆಯುವ ಮೊದಲೇ ಅವರು ಏನು ಹೇಳುವರೆಂದು ಕನ್ನಡದಲ್ಲಿ ಹೇಳಿಬಿಡುತ್ತಿದ್ದರು. ಮುಂದೆ 1988ರ ಅಕ್ಟೋಬರಿನಲ್ಲಿ ಬಿ.ಆರ್. ಚೋಪ್ರಾ ಅವರ 'ಮಹಾಭಾರತ' ಆರಂಭವಾದಾಗಲಂತೂ ಊರಿನ ನಾಟಕದ ಮಂಡಳಿಯವರದೇ ಜೋರು. ಗುಬ್ಬಿ ಕಂಪನಿಯಿಂದ ಕೀರ್ತಿ ಪಡೆದ 'ಕುರುಕ್ಷೇತ್ರ' ನಾಟಕ ಈ ಭಾಗದ ಹಳ್ಳಿ ಹಳ್ಳಿಯ ಜನರ ಬಾಯಲ್ಲಿ ಇಂದಿಗೂ ಇದೆ. "ಆ ದುರ್ಯೋಧನನಿಗೆ ಒಂದು ಕಂದಪದ್ಯ ಹಾಡಲು ಬರುವುದಿಲ್ಲವಲ್ಲ!" ಎಂದು ನಮ್ಮೂರಿನ ದುರ್ಯೋಧನ ಬೇಸರಪಡುತ್ತಿದ್ದರು.

ಒಂದು ಕಿಟಕಿಯ ಕಥೆ

ಇಷ್ಟೆಲ್ಲ ಸಂತೋಷದ ನೆನಪುಗಳ ನಡುವೆ ನಾವು ಇಷ್ಟು ವರ್ಷ ಯಾರ ಮುಂದೆಯೂ ಹೇಳದ ಒಂದು ಸಂಗತಿ ಇದೆ. ಈ ಪತ್ರಿಕೆಯ ಓದುಗ ಬಂಧುಗಳ ಮುಂದೆ ಅದನ್ನು ಹೇಳಿಕೊಳ್ಳದೆ ಹೋದರೆ ಈ ಬರೆಹಕ್ಕೆ ಅರ್ಥವಿರುವುದಿಲ್ಲ.

ಭಾನುವಾರದಂದು ನಡುಮನೆ ತುಂಬಿ, ಜಗಲಿಯೂ ತುಂಬುತ್ತಿತ್ತು. ಆ ಊರಿನ ಕೊನೆಯ ಕೇರಿಯ ಏಳೆಂಟು ಮಕ್ಕಳು ಮಾತ್ರ ಜಗಲಿಯನ್ನೂ ಹತ್ತುತ್ತಿರಲಿಲ್ಲ. ಹತ್ತಬಾರದೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಹೇಳುವ ಅಗತ್ಯವೇ ಇಲ್ಲವೆಂಬಂತೆ ಊರು ನಡೆಯುತ್ತಿತ್ತು. ಅವರು ಬೀದಿಯ ಕಡೆಯ ಕಿಟಕಿಯ ಸರಳು ಹಿಡಿದು, ಒಬ್ಬರ ಹೆಗಲ ಮೇಲೊಬ್ಬರು ತೂಗಿ ನೋಡುತ್ತಿದ್ದರು. ಒಂದು ಭಾನುವಾರ ಒಳಗೆ ಕುಳಿತಿದ್ದವರೊಬ್ಬರು, "ಕಿಟಕಿಯಿಂದ ಬಿಸಿಲು ಬಿದ್ದು ಚಿತ್ರವೇ ಕಾಣುತ್ತಿಲ್ಲ" ಎಂದರು. ಬಿಸಿಲು ಬೀಳುತ್ತಿದ್ದುದು ನಿಜ. ನಾವು ಎದ್ದು ಹೋಗಿ ಕಿಟಕಿಯ ಬಾಗಿಲನ್ನು ಹಾಕಿಬಿಟ್ಟೆವು. ಹಾಕುವಾಗ ಸರಳಿನ ಮೇಲಿದ್ದ ಪುಟ್ಟ ಬೆರಳುಗಳು ಒಂದೊಂದಾಗಿ ಹಿಂದಕ್ಕೆ ಸರಿದುದನ್ನು ನಾವು ನೋಡಿದೆವು. ನೋಡಿಯೂ ಹಾಕಿದೆವು.

ಅಡುಗೆಯ ಮನೆಯಿಂದ ದೊಡ್ಡಮ್ಮನವರು ಇದನ್ನು ಕಂಡರು. ಅವರು ನಮ್ಮನ್ನು ಗದರಲಿಲ್ಲ. ಯಾರಿಗೂ ಉಪದೇಶ ಮಾಡಲಿಲ್ಲ. ನೇರವಾಗಿ ಬೀದಿಗೆ ಇಳಿದು, ಆ ಮಕ್ಕಳ ಕೈ ಹಿಡಿದು ತಲೆಬಾಗಿಲಿನಿಂದಲೇ ಒಳಗೆ ಕರೆತಂದು, ಎಲ್ಲರಿಗಿಂತ ಮುಂದೆ ಪೆಟ್ಟಿಗೆಯ ಎದುರಿಗೆ ಕೂರಿಸಿದರು. ಪ್ರತಿಯೊಬ್ಬರ ಕೈಗೂ ಒಂದು ಚೂರು ಬೆಲ್ಲ, ಒಂದಿಷ್ಟು ಹುರಿಗಡಲೆ ಕೊಟ್ಟರು. ಕೋಣೆಯಲ್ಲಿ ಮಾತು ನಿಂತಿತು. ಹಿರಿಯರಿಬ್ಬರು ಎದ್ದು ಹೊರಟರು. ದೊಡ್ಡಪ್ಪನವರ ಮುಖ ಬಿಗಿಯಿತು. ಆದರೆ ಅವರೂ ಏನೂ ಹೇಳಲಿಲ್ಲ. ಪೆಟ್ಟಿಗೆಯಲ್ಲಿ ರಾಮನ ಕಥೆ ತನ್ನ ಪಾಡಿಗೆ ನಡೆಯುತ್ತಿತ್ತು.

ಎದ್ದು ಹೋದ ಹಿರಿಯರು ಎರಡು ವಾರ ಬರಲಿಲ್ಲ. ಮೂರನೆಯ ವಾರ ಬಂದು, ಮಕ್ಕಳ ಹಿಂದಿನ ಸಾಲಿನಲ್ಲಿ ಕುಳಿತರು. ಅವರ ಮನಸ್ಸು ತಿರುಗಿತೋ, ರಾಮಾಯಣವನ್ನು ಬಿಟ್ಟಿರಲಾರದೆ ಬಂದರೋ ಹೇಳಲಾರೆವು. ಬಹುಶಃ ಎರಡನೆಯದೇ ನಿಜ. ಇದರಿಂದ ಊರೇ ಬದಲಾಯಿತೆಂದು ಹೇಳಿದರೆ ಅದು ಸುಳ್ಳಾದೀತು. ಆದರೆ ಆ ಮನೆಯ ಹೊಸ್ತಿಲು ಅಂದಿನಿಂದ ಯಾರಿಗೂ ಅಡ್ಡವಾಗಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಅನುಭವ ಮಂಟಪದಲ್ಲಿ ದೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ, ಮಡಿವಾಳ ಮಾಚಯ್ಯರಂಥವರಿಗೆ ಸಂದ ಗೌರವದ ಕಥೆಯನ್ನು ನಾವು ಅಂದಿಗೇ ಎಷ್ಟೋ ಸಲ ಓದಿದ್ದೆವು. ಬಸವ ಜಯಂತಿಯ ಭಾಷಣ ಸ್ಪರ್ಧೆಯಲ್ಲಿ ಅದನ್ನೇ ಹೇಳಿ ಬಹುಮಾನವನ್ನೂ ಪಡೆದಿದ್ದೆವು. ಓದಿದ ನಾವು ಕಿಟಕಿ ಹಾಕಿದೆವು. ನಾಲ್ಕನೆಯ ತರಗತಿಯ ದೊಡ್ಡಮ್ಮ ಬಾಗಿಲು ತೆರೆದರು.

ಖಾಲಿಯಾದ ಜಗಲಿ

ಕಾಲ ಕಳೆದಂತೆ ಬಾಗಿಲು ತೆರೆಯುವ ಪ್ರಸಂಗವೇ ಬರದಂತಾಯಿತು. 1990ರ ದಶಕದಲ್ಲಿ ಮನೆಮನೆಗೂ ಟಿ.ವಿ. ಬಂದಿತು. 1994ರಲ್ಲಿ ಉದಯ ವಾಹಿನಿ ಆರಂಭವಾಗಿ ಕನ್ನಡಕ್ಕೆ ಖಾಸಗಿ ವಾಹಿನಿಯ ಕಾಲ ತೆರೆಯಿತು. ಆ ದಶಕದ ಕೊನೆಯಲ್ಲಿ ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ದೂರದರ್ಶನದಲ್ಲಿ ಬರುತ್ತಿದ್ದಾಗ ದೊಡ್ಡಮ್ಮನವರ ಮನೆಯಲ್ಲಿ ಕಡೆಯ ಬಾರಿಗೆ ನಾಲ್ಕಾರು ನೆರೆಮನೆಯ ಹೆಂಗಸರು ಒಟ್ಟಿಗೆ ಕುಳಿತು ನೋಡುತ್ತಿದ್ದರಂತೆ. ಆಮೇಲೆ ಕೇಬಲ್ಲು, ಮಾಡಿನ ಮೇಲೆ ಡಿಶ್ಶು, ಈಗ ಅಂಗೈಯಗಲದ ಮೊಬೈಲು. ಆಯ್ಕೆ ಹೆಚ್ಚಿತು, ಜಗಲಿ ಖಾಲಿಯಾಯಿತು. ಒಂದು ಪೆಟ್ಟಿಗೆಗೆ ಐವತ್ತು ಜನ ಇದ್ದ ಊರಿನಲ್ಲಿ ಈಗ ಒಬ್ಬರಿಗೆ ಒಂದು ಪೆಟ್ಟಿಗೆ. ಕೊರೊನಾ ಕಾಲದಲ್ಲಿ, 2020ರ ಮಾರ್ಚ್ ಕೊನೆಯಲ್ಲಿ, ಅದೇ 'ರಾಮಾಯಣ' ಮತ್ತೆ ದೂರದರ್ಶನದಲ್ಲಿ ಬಂದಿತು. "ಈ ಸಲ ಒಬ್ಬಳೇ ನೋಡಿದೆ. ಯಾರೂ ಬರುವ ಹಾಗಿರಲಿಲ್ಲವಲ್ಲ" ಎಂದು ದೊಡ್ಡಮ್ಮ ಹೇಳಿದಾಗ ನಮ್ಮ ಕೊರಳು ಬಿಗಿಯಿತು.

ಆದರೂ ಆ ಪೆಟ್ಟಿಗೆ ಅವರ ಮನೆಗೆ ಜನರನ್ನು ಮರಳಿ ತಂದ ಒಂದು ದಿನವಿತ್ತು. 2019ರ ಜನವರಿ 21. ಸಿದ್ಧಗಂಗೆಯ ಪರಮಪೂಜ್ಯ ಡಾ. ಶಿವಕುಮಾರ ಮಹಾಸ್ವಾಮಿಗಳು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ದಿನ. ಮಾಗಡಿಯ ವೀರಾಪುರದಲ್ಲಿ ಜನಿಸಿ, ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹದಿಂದ ಲಕ್ಷಾಂತರ ಮಕ್ಕಳ ಬಾಳನ್ನು ಬೆಳಗಿದ ಆ ಚೇತನ ಸೋಂಪುರದ ಸೀಮೆಯವರಿಗೆ ಕೇವಲ ಗುರುಗಳಲ್ಲ, ಮನೆಯ ಹಿರಿಯರು. ಮಠ ಇರುವುದು ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ. ಶಿವರಾತ್ರಿಯ ಜಾತ್ರೆಗೂ ದನಗಳ ಪರಿಷೆಗೂ ಇಲ್ಲಿಯವರು ಹೋಗದ ವರ್ಷವಿಲ್ಲ. ಊರಿನ ಗಟ್ಟಿಮುಟ್ಟಾದವರೆಲ್ಲ ಅಂದು ಸಿದ್ಧಗಂಗೆಗೆ ಹೊರಟರು. ನಡೆಯಲಾಗದ ಮುದುಕ ಮುದುಕಿಯರು ಒಬ್ಬೊಬ್ಬರಾಗಿ ಬಂದು ದೊಡ್ಡಮ್ಮನವರ ನಡುಮನೆಯಲ್ಲಿ ಕುಳಿತರು. ಎಲ್ಲ ಕೇರಿಯವರೂ ಬಂದರು, ಎಲ್ಲರ ಮನೆಯಲ್ಲಿ ಟಿ.ವಿ. ಇದ್ದರೂ ಬಂದರು. "ಇಂಥದನ್ನು ಒಬ್ಬರೇ ನೋಡಬಾರದು" ಎಂದು ಒಬ್ಬ ಅಜ್ಜಿ ಅಂದರಂತೆ. ಮರುದಿನದ ಕ್ರಿಯಾಸಮಾಧಿಯವರೆಗೂ ಆ ದೀಪ ಆರಲಿಲ್ಲ. ಲಕ್ಷಾಂತರ ಜನ ಸೇರಿದ ಆ ದುಃಖದ ದಿನವೂ ಮಠದಲ್ಲಿ ಬಂದವರಿಗೆಲ್ಲ ಪ್ರಸಾದ ನಡೆದುದನ್ನು ತೋರಿಸಿದಾಗ, ದೊಡ್ಡಮ್ಮ ಎದ್ದು ಹೋಗಿ ಒಲೆ ಹಚ್ಚಿ, ಕುಳಿತಿದ್ದವರಿಗೆಲ್ಲ ಉಪ್ಪಿಟ್ಟು ಮಾಡಿದರಂತೆ.

ಬೆಟ್ಟ ಮತ್ತು ಕಿಚ್ಚು

ಸಂಕ್ರಾಂತಿಯ ಬೆಳಗ್ಗೆ ನಾವು ಶಿವಗಂಗೆಗೆ ಹೋದೆವು. ಅಂದು ಮುಂಜಾವಿನಲ್ಲಿ ಬೆಟ್ಟದ ಮೇಲಿನ ತೀರ್ಥಕಂಬದಲ್ಲಿ ಗಂಗೆ ಉದ್ಭವಿಸುವಳೆಂಬುದು ಭಕ್ತರ ನಂಬಿಕೆ. ಆ ತೀರ್ಥವನ್ನು ತಂದು ಗಂಗಾಧರೇಶ್ವರ ಮತ್ತು ಹೊನ್ನಾದೇವಿಯರ ಕಲ್ಯಾಣೋತ್ಸವ ನಡೆಸುತ್ತಾರೆ. ಗಂಗಾಧರೇಶ್ವರನ ಲಿಂಗದ ಮೇಲೆ ತುಪ್ಪವನ್ನು ತಿಕ್ಕಿದರೆ ಬೆಣ್ಣೆಯಾಗುವುದೆಂಬ ಪ್ರತೀತಿಯೂ ಇದೆ. ಒಳಕಲ್ಲು ತೀರ್ಥದಲ್ಲಿ ಕೈಯಿಟ್ಟವರಿಗೆ ನೀರು ಸಿಕ್ಕರೆ ಪುಣ್ಯವಂತರೆನ್ನುತ್ತಾರೆ. ನಮ್ಮಲ್ಲಿ ಚಿಕ್ಕವಳಿಗೆ ಸಿಕ್ಕಿತು, ನಮಗೆ ಸಿಗಲಿಲ್ಲ. ಕಾರಣ ನಮಗೆ ಗೊತ್ತಿದ್ದುದರಿಂದ ಹೆಚ್ಚು ವಿಚಾರಿಸಲು ಹೋಗಲಿಲ್ಲ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಕೊನೆಯುಸಿರೆಳೆದುದು ಇದೇ ಶಿವಗಂಗೆಯಲ್ಲಿ ಎಂದು ಶ್ರವಣಬೆಳಗೊಳದ ಶಾಸನ ಸಾರುತ್ತದೆ. ಮೆಟ್ಟಿಲೇರಿ ಮೇಲೆ ನಿಂತು ನೋಡಿದರೆ ಒಂದು ಕಡೆ ರಾಗಿಯ ಮೆದೆಗಳು, ಇನ್ನೊಂದು ಕಡೆ ಕಾರ್ಖಾನೆಗಳ ತಗಡಿನ ಮಾಡುಗಳು. ಎರಡರ ಮೇಲೂ ಒಂದೇ ಬಿಸಿಲು.

ಸಂಜೆ ಊರಿನಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದಿತ್ತು. ಎತ್ತುಗಳು ಕಡಿಮೆಯಾಗಿವೆ, ಇರುವ ಹಸುಗಳಿಗೇ ಕೊಂಬು ಸವರಿ, ಬಣ್ಣ ಬಳಿದು, ಕೊರಳಿಗೆ ಹಾರ ಹಾಕಿದ್ದರು. ಹುಲ್ಲಿಗೆ ಬೆಂಕಿ ಇಟ್ಟಾಗ ಮಕ್ಕಳ ಕೂಗು ಮುಗಿಲು ಮುಟ್ಟಿತು. ದೊಡ್ಡಮ್ಮನವರ ಹಸುವನ್ನು ಹಿಡಿದು ಕಿಚ್ಚು ಹಾಯಿಸಿದವರು ನಲವತ್ತೈದರ ಆಸುಪಾಸಿನ ಒಬ್ಬ ಗೃಹಸ್ಥರು. ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ಪಾಳಿ ಮುಗಿಸಿ ಬಂದವರು ಪ್ರತಿದಿನವೂ ಬಾಗಿಲಲ್ಲಿ ನಿಂತು "ಅಮ್ಮಾ, ಊಟವಾಯಿತಾ?" ಎಂದು ಕೇಳಿ ಹೋಗುತ್ತಾರೆ, ಟಿ.ವಿ.ಯಲ್ಲಿ ಚಿತ್ರ ನಿಂತರೆ ಸರಿಪಡಿಸುವವರೂ ಅವರೇ. ಅಂದು ರಾತ್ರಿ ಅವರು ತಮ್ಮ ಪತ್ನಿ, ಮಕ್ಕಳೊಡನೆ ಎಳ್ಳು ಬೆಲ್ಲ ಹಿಡಿದು ಬಂದು ನಡುಮನೆಯಲ್ಲಿ ಕುಳಿತರು. ಮಾತಿನ ನಡುವೆ ಆ ಹಳೆಯ ಪೆಟ್ಟಿಗೆಯ ಸುದ್ದಿ ಬಂತು. ಅವರು ನಮ್ಮನ್ನೊಮ್ಮೆ ನೋಡಿ, ನಗುತ್ತಲೇ, "ಅಂದು ಕಿಟಕಿ ಹಾಕಿದವರು ನೀವೇ ಅಲ್ಲವೇ?" ಎಂದರು.

ನಾವು ಹೌದೆಂದೆವು. ಕ್ಷಮೆ ಕೇಳಬೇಕೆಂದುಕೊಂಡೆವು, ಮಾತು ಹೊರಡಲಿಲ್ಲ. ಅವರೇ ಮುಂದುವರಿದು, "ಅಂದು ನೋಡಿದ ಕಥೆ ನನಗೆ ನೆನಪಿಲ್ಲ. ಅಮ್ಮ ಕೊಟ್ಟ ಬೆಲ್ಲ ನೆನಪಿದೆ. ಈ ನೆಲ ಎಷ್ಟು ತಣ್ಣಗಿತ್ತು ಎಂಬುದು ನೆನಪಿದೆ" ಎಂದು ಅಂಗೈಯಿಂದ ಕಾವಿಯ ನೆಲವನ್ನು ಒಮ್ಮೆ ಸವರಿದರು. ದೊಡ್ಡಮ್ಮ ಏನೂ ಕೇಳಿಸದವರಂತೆ ಅವರ ಮಕ್ಕಳ ಕೈಗೆ ಕಬ್ಬಿನ ತುಂಡು ಕೊಡುತ್ತಿದ್ದರು. ಆಗ ನಾವು ಕ್ಷಮೆ ಕೇಳಿದೆವು. ತಡವಾಗಿ, ಸಣ್ಣ ದನಿಯಲ್ಲಿ. "ಎಳ್ಳು ಬೆಲ್ಲ ತಗೊಳ್ಳಿ" ಎಂದು ಅವರು ತಟ್ಟೆ ಮುಂದೆ ಮಾಡಿದರು.

ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮೆಲ್ಲರಿಗೂ ಗೊತ್ತಿರುವುದೇ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದ ತಾಯಿ ಆಕೆ. ಬೇಕಾದಷ್ಟು ಸಾಕು, ಉಳಿದದ್ದು ಇತರರದು ಎಂಬ ಆ ಅಳತೆಯನ್ನು ನಾವು ಧಾನ್ಯಕ್ಕೆ ಮಾತ್ರ ಅನ್ವಯಿಸುತ್ತೇವೆ. ಹಳ್ಳಿಯ ಸಣ್ಣ ಸಂತೋಷಗಳಿಗೂ ಅದೇ ಅಳತೆ ಸಲ್ಲುತ್ತದೆ. ದಿನಕ್ಕೆ ಎರಡು ಕಾರ್ಯಕ್ರಮ, ಒಂದು ಹಸುವಿನ ಹಾಲು, ಒಂದು ಮುದ್ದೆ, ಜೊತೆಗೆ ಹಂಚಿಕೊಳ್ಳಲು ನಾಲ್ಕು ಜನ. ಟಿ.ವಿ. ಒಳ್ಳೆಯದೇ ಕೆಟ್ಟದ್ದೇ ಎಂಬ ಚರ್ಚೆಯನ್ನು ನಾವು ಮನೆಯಿಂದಲೇ ಹೊತ್ತುಕೊಂಡು ಹೋಗಿದ್ದೆವು. ಹಿಂದಿರುಗುವಾಗ ಅದರ ಭಾರ ಇರಲಿಲ್ಲ. ಪೆಟ್ಟಿಗೆಯಲ್ಲಿ ಏನು ಬರುತ್ತದೆಂಬುದಕ್ಕಿಂತ ಅದರ ಮುಂದೆ ಯಾರು ಯಾರು ಕುಳಿತಿದ್ದಾರೆ, ಯಾರನ್ನು ಹೊರಗೆ ನಿಲ್ಲಿಸಿದ್ದೇವೆ ಎಂಬುದೇ ದೊಡ್ಡ ಪ್ರಶ್ನೆಯೆಂದು ನಮಗೆ ಅಲ್ಲಿ ತಿಳಿಯಿತು.

ಮರುದಿನ ಹೊರಟಾಗ ದೊಡ್ಡಮ್ಮನವರು ಒಂದು ಚೀಲ ಅವರೆಕಾಯಿ ಕಟ್ಟಿಕೊಟ್ಟರು. "ಒಬ್ಬರೇ ಕುಳಿತು ಬಿಡಿಸಬೇಡಿ, ಬೇಸರವಾಗುತ್ತದೆ. ಪಕ್ಕದ ಮನೆಯವರನ್ನು ಕರೆದುಕೊಳ್ಳಿ" ಎಂದರು. ನಮ್ಮ ಬೆಂಗಳೂರಿನ ಮಹಡಿಯ ಮನೆಯ ಎದುರು ಬಾಗಿಲಿನವರ ಹೆಸರು ನಮಗೆ ಅಂದಿನವರೆಗೆ ಗೊತ್ತಿರಲಿಲ್ಲ. ಆ ಸಂಜೆ ಚೀಲ ಹಿಡಿದು ಹೋಗಿ ಅವರ ಬಾಗಿಲನ್ನು ತಟ್ಟಿದೆವು.